ಕೆಜಿಗೆ ತೊಂಬತ್ತು ರೂಪಾಯಿಯ ಕಾರು

ಮಾರುತಿ 800ರ ತೂಕ ಸುಮಾರು 650 ಕೆಜಿ. ಬೆಂಗಳೂರಿನ ಜೆ.ಪಿ. ನಗರದ ಯಾವುದೋ ಅಡ್ಡರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ ಎಲೆ ಹೊದ್ದು ನಿಂತು, ಹಿಂದಿನ ಗಾಜಿಗೆ ‘ಮಾರಾಟಕ್ಕಿದೆ’ ಚೀಟಿ ಅಂಟಿಸಿಕೊಂಡ ಅಂಥದ್ದೊಂದು ಗಾಡಿಯನ್ನು ನೀವು ಚೌಕಾಸಿ ಮಾಡಿ ಅರವತ್ತು ಸಾವಿರಕ್ಕೆ ಇಳಿಸಿದಿರಿ ಅನ್ನೋಣ. ಭಾಗಿಸಿ ನೋಡಿ: ಕೆಜಿಗೆ ತೊಂಬತ್ತೆರಡು ರೂಪಾಯಿ. ಮಳೆ ಕೈಕೊಟ್ಟ ವರ್ಷ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಬೀನ್ಸ್ ಇದಕ್ಕಿಂತ ತುಟ್ಟಿ. ಈ ದುಡ್ಡಿಗೆ 796 ಸಿ.ಸಿ. ಎಂಜಿನ್ನು, ನಾಲ್ಕು ಬಾಗಿಲು, ಸ್ಟೆಪ್ನಿ ಸೇರಿ ಐದು ಚಕ್ರ, ಜೊತೆಗೆ ಕೆಎ 05 ಎಂದು ಶುರುವಾಗುವ ಜಯನಗರ ಆರ್‌ಟಿಓ ನಂಬರು.

ಎದುರು ಮನೆಯವರು ಮೊನ್ನೆ ತಂದ ಎಸ್‌ಯುವಿ ಹನ್ನೆರಡು ಲಕ್ಷದ್ದು, ತೂಕ 1,200 ಕೆಜಿ ಎಂದಿಟ್ಟುಕೊಳ್ಳಿ. ಅದು ಕೆಜಿಗೆ ಸಾವಿರ ರೂಪಾಯಿ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ. 17, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಒಟ್ಟು ಎರಡು ಲಕ್ಷದ ಇಪ್ಪತ್ತಾರು ಸಾವಿರ ಚಿಲ್ಲರೆ. ಅಂದರೆ ಎದುರು ಮನೆಯವರು ಸರ್ಕಾರಕ್ಕೆ ಕಟ್ಟಿದ ತೆರಿಗೆಯಲ್ಲೇ ನಿಮ್ಮ ಗಾಡಿಯಂಥವು ಮೂರು ಬಂದು, ಪೆಟ್ರೋಲಿಗೂ ದುಡ್ಡು ಮಿಗುತ್ತಿತ್ತು.

ಇನ್ನು ಕಾರು ನಿಲ್ಲಿಸುವ ಜಾಗ. ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಎಂದರೆ 135 ಚದರಡಿ. ಜೆ.ಪಿ. ನಗರದಲ್ಲಿ ಚದರಡಿಗೆ ಹತ್ತು ಸಾವಿರ ಎಂದು ಬಹಳ ಕಡಿಮೆಯಲ್ಲೇ ಹಿಡಿಯಿರಿ (ಅಷ್ಟಕ್ಕೆ ಕೊಡುವವರು ಸಿಕ್ಕರೆ ನನಗೂ ಹೇಳಿ). ಹದಿಮೂರೂವರೆ ಲಕ್ಷ. ಕಾರಿಗಿಂತ ಅದರ ಹೊಟ್ಟೆಯ ಕೆಳಗಿನ ನೆಲ ಇಪ್ಪತ್ತೆರಡು ಪಟ್ಟು ಬೆಲೆಬಾಳುತ್ತದೆ. ಅದಕ್ಕೇ ನಮ್ಮಲ್ಲಿ ಹಳೆ ಕಾರುಗಳೆಲ್ಲ ಬೀದಿಯಲ್ಲಿ ಮಲಗುವುದು.

ಹಳೆ ಕಾರು ಇಷ್ಟು ಅಗ್ಗವಾಗುವುದು ಹೇಗೆ? ಸವೆದಿದೆ, ಮುದಿಯಾಗಿದೆ ಎಂಬ ಉತ್ತರ ಪೂರ್ತಿ ಸಾಲದು. ಬ್ರೋಕರ್ ಹೇಳುವುದನ್ನೇ ಕೇಳಿ: “ಸಾರ್, ಡಾಕ್ಟರ್ ಗಾಡಿ. ಸಿಂಗಲ್ ಓನರ್. ಹತ್ತು ವರ್ಷಕ್ಕೆ ಮೂವತ್ತು ಸಾವಿರ ಓಡಿದೆ ಅಷ್ಟೇ. ಭಾನುವಾರ ರಾಗಿಗುಡ್ಡ ದೇವಸ್ಥಾನ, ವಾಪಸ್ ಮನೆ.” ಬೆಂಗಳೂರಿನ ಅರ್ಧ ಹಳೆ ಕಾರುಗಳು ಡಾಕ್ಟರುಗಳವು, ಉಳಿದರ್ಧ ರಿಟೈರ್ಡ್ ಬ್ಯಾಂಕ್ ಆಫೀಸರುಗಳವು, ಮೂರನೆಯ ಜಾತಿಯ ಓನರನ್ನು ನಾನು ಈವರೆಗೆ ಕೇಳಿಲ್ಲ. ಮೀಟರ್ ತಿರುಗಿಸಿಲ್ಲ ಎಂದೇ ನಂಬೋಣ. ಈ ಊರಿನ ಟ್ರಾಫಿಕ್ಕಿನಲ್ಲಿ ಸರಾಸರಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಎಂದರೆ ಮೂವತ್ತು ಸಾವಿರ ಕಿ.ಮೀ.ಗೆ 1,500 ಗಂಟೆ, ಅಂದರೆ ಅರವತ್ತೆರಡೂವರೆ ದಿನ. ಹತ್ತು ವರ್ಷದಲ್ಲಿ ಆ ಕಾರು ಎರಡು ತಿಂಗಳು ಓಡಿ, ಒಂಬತ್ತು ವರ್ಷ ಹತ್ತು ತಿಂಗಳು ಸುಮ್ಮನೆ ನಿಂತಿದೆ.

ಆ ಎರಡು ತಿಂಗಳಲ್ಲಿ ಅದು ಮಾಡಿದ ಕೆಲಸ ಕಡಿಮೆಯೇನಲ್ಲ. ನಿಮಿಷಕ್ಕೆ ಎರಡು ಸಾವಿರ ಸುತ್ತಿನಂತೆ ಎಂಜಿನ್ನು ಹದಿನೆಂಟು ಕೋಟಿ ಸಲ ತಿರುಗಿದೆ. ಎರಡು ಸುತ್ತಿಗೆ ಒಮ್ಮೆ ಕಿಡಿ ಹಾರುವುದರಿಂದ ಮೂರು ಸಿಲಿಂಡರುಗಳಲ್ಲಿ ಒಂದೊಂದರೊಳಗೂ ಒಂಬತ್ತು ಕೋಟಿ ಸ್ಫೋಟ. ಹಾಗಿದ್ದೂ ಬಿಡದಿಯ ಟೊಯೊಟಾ ಕಾರ್ಖಾನೆಯ ಇನ್ನೋವಾಗಳ ಮುಂದೆ ಇದು ಬಾಲ್ಯ. ಟ್ಯಾಕ್ಸಿಗೆ ಬಿಟ್ಟ ಇನ್ನೋವಾ ಮೂರು ಲಕ್ಷ ಕಿಲೋಮೀಟರ್ ಓಡಿಯೂ ಕೈಬದಲಾಗಿ ಮತ್ತೆ ರಸ್ತೆಗಿಳಿಯುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿ.ಮೀ.; ದಾರಿಯ ಮುಕ್ಕಾಲು ಪಾಲು ಮುಗಿಸಿದ ಗಾಡಿಗೆ ನಾವು “ಇನ್ನೂ ಎಂಜಿನ್ ಚೆನ್ನಾಗಿದೆ” ಎಂದು ಲಕ್ಷಗಟ್ಟಲೆ ಎಣಿಸುತ್ತೇವೆ.

ಆದ್ದರಿಂದ ಬೆಲೆಯ ಗುಟ್ಟು ಓಟದಲ್ಲಿಲ್ಲ. ಹಳೆ ಕಾರು ಅಗ್ಗವಾಗಿ ಬದುಕುತ್ತಿರುವುದು ಅದು ಬಿಡಿಬಿಡಿಯಾಗಿ ಬಿಚ್ಚಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಎನ್ನುವುದು ನನ್ನ ವಾದ. ಸ್ಕ್ರೂವರೆಗೆ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಭಾಗಗಳಿರುತ್ತವೆ ಎಂದು ಟೊಯೊಟಾ ಕಂಪನಿಯೇ ಹೇಳುತ್ತದೆ. ಒಂದು ಕೆಟ್ಟರೆ ಇನ್ನೊಂದು ತಂದು ಹಾಕಿದರಾಯಿತು. ಹೊಸದು ಬೇಕಾದರೆ ಜೆ.ಸಿ. ರಸ್ತೆ, ಹಳೆಯದು ಸಾಕಾದರೆ ಶಿವಾಜಿನಗರದ ಗುಜರಿ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕನ ಕೈಸೇರಿದಾಗ ಅದರ ಬೆಲೆ ಐವತ್ತು ಸಾವಿರಕ್ಕಿಂತ ಕಡಿಮೆ ಇತ್ತು. 2014ರ ಜನವರಿಯಲ್ಲಿ ತಯಾರಿಕೆ ನಿಂತಾಗ ಒಟ್ಟು 28 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದಿದ್ದವು. ಒಂದರ ಹಿಂದೊಂದು ನಿಲ್ಲಿಸಿದರೆ ಒಂಬತ್ತು ಸಾವಿರ ಕಿಲೋಮೀಟರ್ ಮೀರಿದ ಸಾಲು. ಬೆಂಗಳೂರಿಂದ ದೆಹಲಿಗೆ ಎರಡು ಸಲ ಹೋಗಿಬರುವಷ್ಟು ಉದ್ದ. ಇವುಗಳಲ್ಲಿ ಒಂದೊಂದು ಸತ್ತಾಗಲೂ ಅದರ ಬಾಗಿಲು, ರೇಡಿಯೇಟರು, ಸೈಲೆನ್ಸರು, ಗೇರ್‌ಬಾಕ್ಸು ಬದುಕಿರುವ ಇನ್ನೊಂದಕ್ಕೆ ಹೋಗಿವೆ. ಪೇಟೆಯಲ್ಲಿ ಬಿಡಿಭಾಗ ಅಗ್ಗವಾಗುವುದು ಹೀಗೆ: ಸತ್ತ ಗಾಡಿಗಳ ಸಂಖ್ಯೆ ಸಾಕಷ್ಟು ದೊಡ್ಡದಿರಬೇಕು, ಅವು ಒಂದೇ ಅಚ್ಚಿನವಾಗಿರಬೇಕು, ಸ್ಪ್ಯಾನರ್‌ಗೆ ಬಗ್ಗುವಂತಿರಬೇಕು.

ತಯಾರಿಕೆಯ ವೇಗವಂತೂ ತಲೆ ತಿರುಗಿಸುವಂಥದ್ದು. ಮೂವತ್ತು ವರ್ಷ ಹಿಡಿದ ಆ 28 ಲಕ್ಷವನ್ನು ಇವತ್ತಿನ ಮಾರುತಿ ಸುಜುಕಿ ಹದಿನೇಳು ತಿಂಗಳಲ್ಲಿ ಮುಗಿಸುತ್ತದೆ. ಎಲ್ಲ ಮಾಡೆಲ್ ಸೇರಿ 2024ರ ಒಂದೇ ವರ್ಷ ಅದು 20 ಲಕ್ಷ ಕಾರು ತಯಾರಿಸಿತು. ಹಗಲೂ ರಾತ್ರಿ, ಹಬ್ಬ ಹುಣ್ಣಿಮೆ ಸೇರಿಸಿ ಭಾಗಿಸಿದರೂ ಹದಿನಾರು ಸೆಕೆಂಡಿಗೊಂದು. ಸಾರಕ್ಕಿ ಸಿಗ್ನಲ್ಲಿನಲ್ಲಿ ನೀವು ಎರಡು ನಿಮಿಷ ಕೆಂಪು ದೀಪ ನೋಡುತ್ತ ಕೂತಿದ್ದೀರಾದರೆ, ಅಷ್ಟರಲ್ಲಿ ಮುಂದಿನ ಸಿಗ್ನಲ್ಲಿಗೆ ನಿಲ್ಲಲು ಇನ್ನೂ ಏಳು ಕಾರು ಹುಟ್ಟಿದವು.

ಹುಟ್ಟುವುದು ಎಂದರೆ ಏನೇನು ನಡೆಯುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಜೆ.ಪಿ. ನಗರದಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಬಿಡದಿಯಲ್ಲಿ, ಟೊಯೊಟಾ ಕಿರ್ಲೋಸ್ಕರ್‌ನ 432 ಎಕರೆ ಜಾಗವಿದೆ. 1997ರಲ್ಲಿ ಹುಟ್ಟಿದ ಕಂಪನಿ, 2000ದಲ್ಲಿ ಕ್ವಾಲಿಸ್ ತಂದಿತು, 2005ರಲ್ಲಿ ಇನ್ನೋವಾ. ಎರಡೂ ಚಾಸಿ ಗಾಡಿಗಳು: ಕೆಳಗೆ ಏಣಿಯ ಹಾಗೆ ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ. 2022ರಲ್ಲಿ ತೋರಿಸಿದ ಇನ್ನೋವಾ ಹೈಕ್ರಾಸ್‌ಗೆ ಆ ಏಣಿಯೇ ಇಲ್ಲ. ಬಾಡಿಯೇ ಚಾಸಿ, ಚಾಸಿಯೇ ಬಾಡಿ, ಮೋನೋಕಾಕ್ ಎನ್ನುತ್ತಾರೆ. ಬ್ರೋಕರ್‌ಗಳು ಈಗಲೂ “ಹಳೇದು ಚಾಸಿ ಗಾಡಿ ಸಾರ್, ಗಟ್ಟಿ” ಎಂದು ಮೋನೋಕಾಕನ್ನು ನಿನ್ನೆ ಮೊನ್ನೆಯ ಫ್ಯಾಷನ್ನಿನಂತೆ ತಳ್ಳಿಹಾಕುತ್ತಾರೆ. ನಮ್ಮ ಅಜ್ಜಂದಿರು ಗಟ್ಟಿತನಕ್ಕೆ ಪ್ರಮಾಣ ಮಾಡುತ್ತಿದ್ದ ಅಂಬಾಸಿಡರ್ ಕೂಡ ಚಾಸಿ ಇಲ್ಲದ ಮೋನೋಕಾಕೇ. ಇಟಲಿಯ ಲಾನ್ಸಿಯಾ ಕಂಪನಿ 1922ರಲ್ಲೇ ಅಂಥ ಕಾರು ಮಾಡಿತ್ತು.

ಮೋನೋಕಾಕ್ ಬಾಡಿ ಎಂದರೆ ಮುನ್ನೂರು ನಾನ್ನೂರು ತಗಡಿನ ತುಣುಕುಗಳು. ಹೊರಗಿನ ಬಾಗಿಲಿನ ತಗಡು ಬರೀ 0.7 ಮಿಲಿಮೀಟರ್ ದಪ್ಪ. ಅಚ್ಚಿನಲ್ಲಿ ಒತ್ತಿ ಆಕಾರ ಕೊಟ್ಟ ಈ ತುಣುಕುಗಳನ್ನು ರೋಬಾಟುಗಳು ಸ್ಪಾಟ್ ವೆಲ್ಡಿಂಗ್‌ನಿಂದ ಜೋಡಿಸುತ್ತವೆ. ತಾಮ್ರದ ಎರಡು ಮೂತಿ ತಗಡುಗಳನ್ನು ಅದುಮಿ ಹಿಡಿದು ಕರೆಂಟು ಹರಿಸುತ್ತವೆ: ಕೆಲವೇ ವೋಲ್ಟ್, ಆದರೆ ಹತ್ತು ಸಾವಿರ ಆಂಪಿಯರ್‌ವರೆಗೆ. ನಮ್ಮ ಮನೆಗಳ ಮೇನ್ ಮೂವತ್ತೆರಡು ಆಂಪಿಯರ್ ದಾಟಿದರೆ ಟ್ರಿಪ್ ಆಗುತ್ತದೆ. ಒಂದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ತಗಡು ಕರಗಿ, ಸುಮಾರು ಐದು ಮಿಲಿಮೀಟರ್ ಅಗಲದ ಗುಂಡಿಯಾಗಿ ಬೆಸೆದುಕೊಳ್ಳುತ್ತದೆ. ಒಂದು ಕಾರಿಗೆ ನಾಲ್ಕೈದು ಸಾವಿರ ಇಂಥ ಬೆಸುಗೆ. ನಿಮಿಷಕ್ಕೊಂದು ಕಾರು ಹೊರಬೀಳುವ ಶಾಪಿನಲ್ಲಿ ಪ್ರತಿ ಸೆಕೆಂಡಿಗೆ ಎಪ್ಪತ್ತು ಎಂಬತ್ತು ಬೆಸುಗೆ ಬೀಳುತ್ತಿರಬೇಕು.

ಇದರ ಲೆಕ್ಕ ಹಾಕುತ್ತ ಕೂತರೆ ಸಿಗುವ ಒಂದು ಅಂಕಿ ನನ್ನನ್ನು ಬಿಡುವುದಿಲ್ಲ. ನಾಲ್ಕು ಸಾವಿರ ಬೆಸುಗೆ, ಒಂದೊಂದೂ ಐದು ಮಿ.ಮೀ. ಅಗಲದ ವೃತ್ತ. ಎಲ್ಲವನ್ನೂ ಒಂದೆಡೆ ಸೇರಿಸಿ ಹರಡಿದರೆ 785 ಚದರ ಸೆಂಟಿಮೀಟರ್. ಅಂದರೆ ಎ4 ಜೆರಾಕ್ಸ್ ಹಾಳೆಗಿಂತ ತುಸು ದೊಡ್ಡದು. ಐದು ಜನ, ಡಿಕ್ಕಿ ತುಂಬ ಸಾಮಾನು, ಎಂಜಿನ್ನು, ನೂರು ಕಿಲೋಮೀಟರ್ ವೇಗ, ಕನಕಪುರ ರಸ್ತೆಯ ಹಂಪುಗಳು ಎಲ್ಲವನ್ನೂ ತಡೆದುಕೊಂಡು ಬಾಡಿಯನ್ನು ಒಂದಾಗಿ ಹಿಡಿದಿರುವುದು ಒಂದು ಹಾಳೆಯಷ್ಟು ಬೆಸುಗೆ. ಕರೆಂಟು ಹರಿದ ಹೊತ್ತನ್ನೆಲ್ಲ ಕೂಡಿಸಿದರೂ ಹದಿಮೂರು ಚಿಲ್ಲರೆ ನಿಮಿಷ.

ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಈ ಗುಂಡಿಗಳು ಬಹಳ ಮುಖ್ಯ. ಪಳಗಿದ ಮೆಕ್ಯಾನಿಕ್ ಎಂಜಿನ್ ಶಬ್ದ ಕೇಳುವ ಮೊದಲು ಬಾಗಿಲು ತೆರೆದು ಚೌಕಟ್ಟಿನ ರಬ್ಬರ್ ಬೀಡಿಂಗ್ ಕಿತ್ತು ನೋಡುತ್ತಾನೆ. ಅಲ್ಲಿ ಬೆರಳು ಓಡಿಸಿದರೆ ಸಮ ಅಂತರದಲ್ಲಿ ಸಾಲಾಗಿ ತಗ್ಗುಗಳು ಸಿಗಬೇಕು. ಅದು ಕಾರ್ಖಾನೆಯ ರೋಬಾಟಿನ ಸಹಿ. ನಡುವೆ ಒಂದು ಗೇಣು ನುಣ್ಣಗಿದ್ದರೆ “ಪಿಲ್ಲರ್ ಕೆಲಸ ಆಗಿದೆ ಸಾರ್, ಬೇಡ” ಎನ್ನುತ್ತಾನೆ. ಪಿಲ್ಲರಿನ, ಅಂದರೆ ಬಾಗಿಲ ಪಕ್ಕದ ಕಂಬದ, ಆ ಒಂದು ಗೇಣಿನಲ್ಲಿ ಯಾರೋ ತಗಡು ಕತ್ತರಿಸಿ, ಬೇರೆಯದು ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದಾರೆ.

ಈಗಂತೂ ಕಾರು ನೋಡಲು ಬರುವವರ ಕೈಯಲ್ಲಿ ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಾರ್ಖಾನೆಯ ಬಣ್ಣ, ಪ್ರೈಮರ್‌ನಿಂದ ಹಿಡಿದು ಮೇಲಿನ ಹೊಳಪಿನವರೆಗೆ ಎಲ್ಲ ಪದರ ಸೇರಿ, ನೂರು ನೂರಿಪ್ಪತ್ತರ ಸುತ್ತ. ಎರಡು ಕೂದಲಿಗಿಂತ ತೆಳು. ಒಮ್ಮೆ ಮತ್ತೆ ಬಣ್ಣ ಹೊಡೆದರೆ ಮೀಟರು ಇನ್ನೂರು ದಾಟುತ್ತದೆ, ಪುಟ್ಟಿ ಇದ್ದರೆ ಐನೂರು, ಸಾವಿರ. ಮೊದಲು ಚಾವಣಿಯ ಮೇಲಿಟ್ಟು ನೋಡಬೇಕು, ಯಾಕೆಂದರೆ ಚಾವಣಿಗೆ ಪೆಟ್ಟಾಗುವುದು ಅಪರೂಪ. ಅದೇ ಆ ಗಾಡಿಯ ಹುಟ್ಟುಬಣ್ಣದ ಅಳತೆ. ಆಮೇಲೆ ಪಿಲ್ಲರುಗಳು, ರನ್ನಿಂಗ್ ಬೋರ್ಡ್, ಡಿಕ್ಕಿಯ ಒಳಗಿನ ನೆಲ. ಬಂಪರ್ ಮೇಲೆ ಇಟ್ಟು ಏನೂ ತೋರಿಸುತ್ತಿಲ್ಲ ಎಂದು ಬೇಜಾರಾಗಬೇಡಿ, ಅದು ಪ್ಲಾಸ್ಟಿಕ್. ಬಾಗಿಲ ಹೊರಮೈಯಲ್ಲಿ ಇನ್ನೂರೈವತ್ತು ಬಂದರೂ ನಾನು ಹೆದರುವುದಿಲ್ಲ. ಬೆಂಗಳೂರಿನಲ್ಲಿ ಸ್ಕೂಟರಿನವರು ಒಂದು ಗೀರೂ ಕೊಡದ ಬಾಗಿಲೇ ಅನುಮಾನಾಸ್ಪದ. ಹೆದರಬೇಕಾದ್ದು ನಡುವಿನ ಪಿಲ್ಲರಿನಲ್ಲಿ ನಾನೂರು ಕಂಡಾಗ.

ಯಾಕೆಂದರೆ ಆ ಪಿಲ್ಲರಿನೊಳಗೆ ಕೂತಿರುವುದು ಈಗ ಮಾಮೂಲಿ ತಗಡಲ್ಲ. ಹಳೆ ಕಾಲದ ಕಾರಿನ ಉಕ್ಕನ್ನು ಒಂದು ಚದರ ಸೆಂಟಿಮೀಟರ್ ಪಟ್ಟಿಯಾಗಿ ಕತ್ತರಿಸಿ ನೇತುಹಾಕಿದರೆ ಸುಮಾರು ಮೂರು ಟನ್‌ವರೆಗೆ ಹರಿಯದೆ ನಿಲ್ಲುತ್ತದೆ, ಅಂದರೆ ನಾಲ್ಕು ಮಾರುತಿ 800. ಹೊಸ ಕಾರುಗಳ ಪಿಲ್ಲರಿಗೆ ಬಳಸುವುದು ಕಾಸಿ ಒತ್ತಿದ ಉಕ್ಕು: ಬೋರಾನ್ ಬೆರೆತ ತಗಡನ್ನು ಒಂಬೈನೂರು ಡಿಗ್ರಿ ಮೀರಿ ಕೆಂಪಗೆ ಕಾಯಿಸಿ, ನೀರು ಹರಿಯುವ ತಣ್ಣನೆಯ ಅಚ್ಚಿನಲ್ಲಿ ಒತ್ತಿ, ಅಲ್ಲೇ ಕೆಲವು ಸೆಕೆಂಡುಗಳಲ್ಲಿ ತಣಿಸುತ್ತಾರೆ. ಆಕಾರ ಬರುವುದೂ ಗಟ್ಟಿಯಾಗುವುದೂ ಒಂದೇ ಏಟಿಗೆ. ಶಕ್ತಿ 1,500 ಮೆಗಾಪಾಸ್ಕಲ್. ಕಿರುಬೆರಳ ಉಗುರಿನಷ್ಟು ಅಡ್ಡಕೊಯ್ತದ ಪಟ್ಟಿಗೆ ಹದಿನೈದು ಟನ್ ಜೋತುಹಾಕಬಹುದು. ಇಪ್ಪತ್ತಮೂರು ಮಾರುತಿ 800!

ಈ ಉಕ್ಕಿನ ಶಕ್ತಿಯೆಲ್ಲ ಇರುವುದು ಅದು ತಣಿದ ರೀತಿಯಲ್ಲಿ. ಟಿಂಕರಿಂಗ್ ಶೆಡ್ಡಿನ ಗ್ಯಾಸ್ ಜ್ವಾಲೆ ಮೂರು ಸಾವಿರ ಡಿಗ್ರಿ. ಸೊಟ್ಟಗಾದ ಪಿಲ್ಲರನ್ನು ಅದರಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿದರೆ ಆಕಾರ ವಾಪಸ್ ಬರುತ್ತದೆ, ಶಕ್ತಿ ಬರುವುದಿಲ್ಲ. ನಲವತ್ತು ವರ್ಷ ಅಂಬಾಸಿಡರ್, ಫಿಯೆಟ್, 800 ತಟ್ಟಿದ ಕೈ ಎಷ್ಟು ನುರಿತದ್ದಾದರೂ ಸರಿ, ಲೋಹದ ಒಳಗಿನ ಕಣಗಳಿಗೆ ಆ ಕೈಯ ಪರಿಚಯವಿಲ್ಲ. ಹೊರಗೆ ನಿಂತು ನೋಡುವವನಿಗೆ ಕಾರ್ಖಾನೆಯ ಪಿಲ್ಲರೂ ತಟ್ಟಿದ ಪಿಲ್ಲರೂ ಒಂದೇ ಥರ, ಮೈಕ್ರಾನ್ ಮೀಟರು ಇಲ್ಲದಿದ್ದರೆ. ಕಂಪನಿಗಳ ರಿಪೇರಿ ಪುಸ್ತಕ ಇದಕ್ಕೆ ಹೇಳುವುದು ಒಂದೇ ಮಾತು: ಕಾಯಿಸಬೇಡ, ಪೂರ್ತಿ ಬದಲಿಸು. ಪೂರ್ತಿ ಬದಲಿಸುವ ಖರ್ಚು ಹಳೆ ಗಾಡಿಯ ಬೆಲೆಯನ್ನೇ ನುಂಗುತ್ತದೆ.

ಇಷ್ಟೆಲ್ಲ ಗಟ್ಟಿತನ ಯಾಕೆ ಬೇಕು ಎಂದರೆ, ಅದಕ್ಕೊಂದು ಲೆಕ್ಕ. ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ ಹನ್ನೆರಡು ಮೀಟರ್ ಎತ್ತರದಿಂದ ಬೀಳುವುದೂ ಒಂದೇ. ಹನ್ನೆರಡು ಮೀಟರ್ ಅಂದರೆ ಜೆ.ಪಿ. ನಗರದ ಯಾವುದೇ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿ. ಕಾರಿನ ಮೂತಿ ಅರವತ್ತು ಸೆಂಟಿಮೀಟರ್ ಮುದುಡಿಕೊಂಡು ನಿಂತರೆ ಇಡೀ ಘಟನೆ ಮುಗಿಯಲು ಒಂದು ಸೆಕೆಂಡಿನ ನೂರರಲ್ಲಿ ಎಂಟು ಪಾಲು, ಕಣ್ಣು ಮಿಟುಕಿಸುವುದರೊಳಗೆ. ಆ ಹೊತ್ತಿನಲ್ಲಿ ಅರವತ್ತೈದು ಕೆಜಿಯ ಮನುಷ್ಯನ ಮೇಲೆ ಬೀಳುವ ಭಾರ ಸುಮಾರು 1.3 ಟನ್. ಮೂತಿ ಮುದುಡಬೇಕು, ಪಿಲ್ಲರುಗಳ ನಡುವಿನ ಗೂಡು ಮುದುಡಬಾರದು. ಹೊಸ ಬಾಡಿಯ ವಿದ್ಯೆಯೆಲ್ಲ ಇಷ್ಟೇ. ಮಾರುತಿ ಓಮ್ನಿಯಲ್ಲಿ ಮುದುಡಲು ಮೂತಿಯೇ ಇರಲಿಲ್ಲ. ಡ್ರೈವರನ ಮೊಣಕಾಲಿನ ಮುಂದೆ ತಗಡು, ತಗಡಿನ ಮುಂದೆ ಲೋಕ. 1984ರಿಂದ ಓಡಿದ ಅದು 2019ರಲ್ಲಿ ನಿಂತಿತು.

2019 ಎಂಬ ಇಸವಿ ಬ್ರೋಕರನ ಬಾಯಲ್ಲಿ ಎಂದೂ ಬರುವುದಿಲ್ಲ. ಬರಬೇಕಿತ್ತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನು 64 ಕಿ.ಮೀ. ವೇಗದಲ್ಲಿ ಗುದ್ದಿಸಿತು: ಆಲ್ಟೊ 800, ನ್ಯಾನೋ, ಫಿಗೋ, ಐ10, ಪೋಲೋ. ಏರ್‌ಬ್ಯಾಗ್ ಇಲ್ಲದ ಮಾದರಿಗಳು, ಐದಕ್ಕೂ ಸೊನ್ನೆ ಸ್ಟಾರ್. ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದಾಗ ನಾಲ್ಕು ಸ್ಟಾರ್ ಬಂತು. ಅದರ ಗೂಡು ಗಟ್ಟಿಯಾಗಿತ್ತು, ಚೀಲ ಮಾತ್ರ ಬೇಕಿತ್ತು. ಆಲ್ಟೊ, ನ್ಯಾನೋ, ಐ10ಗಳ ವಿಷಯದಲ್ಲಿ ಗೂಡೇ ಸಾಲದು ಎಂದಿತು ಸಂಸ್ಥೆ. ಇವೇ ಕಾರುಗಳು ಇವತ್ತು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಒಂದು, ಒಂದೂವರೆ ಲಕ್ಷದ ಸಾಲಿನಲ್ಲಿ ನಿಂತಿರುವುದು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಇದೇ ಸಂಸ್ಥೆಯಿಂದ ಐದು ಸ್ಟಾರ್ ಪಡೆಯಿತು, ಭಾರತದಲ್ಲಿ ತಯಾರಾಗಿ ಭಾರತದಲ್ಲೇ ಮಾರಾಟವಾಗುವ ಕಾರಿಗೆ ಅದೇ ಮೊದಲು. ಆಮೇಲೆ ಕಾನೂನು ಒಂದರ ಹಿಂದೊಂದು ಜಾರಿಗೆ ಬಂತು: 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್ ಬ್ರೇಕ್, ಜುಲೈನಿಂದ ಡ್ರೈವರ್ ಏರ್‌ಬ್ಯಾಗ್, ಅಕ್ಟೋಬರ್‌ನಿಂದ ಹಳೆ ಮಾಡೆಲ್‌ಗಳೂ 56 ಕಿ.ಮೀ. ವೇಗದ ಮುಂಭಾಗದ ಗುದ್ದಾಟದ ಪರೀಕ್ಷೆ ಪಾಸಾಗಬೇಕೆಂಬ ನಿಯಮ.

ಒಂದೇ ಹೆಸರಿನ, ಒಂದೇ ಬಣ್ಣದ, ಒಂದೇ ಬೀದಿಯಲ್ಲಿ ನಿಂತ ಎರಡು ಗಾಡಿ; ಒಂದು 2018ರ ನವೆಂಬರ್, ಇನ್ನೊಂದು 2019ರ ನವೆಂಬರ್. ಹನ್ನೆರಡು ತಿಂಗಳಿಗೆ ಪೇಟೆ ಹಾಕುವ ವ್ಯತ್ಯಾಸ ಒಂದು ವರ್ಷದ ಸವೆತದ್ದು ಮಾತ್ರ. ಓಡಿದ ಕಿಲೋಮೀಟರಿಗೆ ಕೊಡುವ ಮರ್ಯಾದೆಯ ಅರ್ಧವನ್ನು ಆರ್‌ಸಿಯಲ್ಲಿ ಅಚ್ಚಾದ ತಯಾರಿಕೆಯ ತಿಂಗಳಿಗೆ ಕೊಡಿ ಎನ್ನುತ್ತೇನೆ ನಾನು. ಮೀಟರ್ ತಿರುಗಿಸಬಹುದು, ಆ ತಿಂಗಳನ್ನು ತಿರುಗಿಸುವುದು ಕಷ್ಟ. ಅರವತ್ತು ಸಾವಿರದ ಗಾಡಿ ಡ್ರೈವಿಂಗ್ ಕಲಿಯಲು, ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿಬರಲು ಸರಿ. ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತುತ್ತೇನೆ ಎಂದರೆ ನಾನು ಸ್ನೇಹಿತನಾಗಿಯೇ ಅಡ್ಡ ಬರುತ್ತೇನೆ.

ಆದರೆ ಕಾರ್ಖಾನೆಗಳು ಈಗ ಹಿಡಿದಿರುವ ದಾರಿ ನೋಡಿದರೆ, ಅಗ್ಗದ ಹಳೆ ಕಾರು ಎಂಬುದೇ ಎಷ್ಟು ದಿನ ಉಳಿದೀತು ಎಂಬ ಅನುಮಾನ. ಬೆಸುಗೆಯನ್ನೇ ಬೇಡ ಎನ್ನುವ ದಾರಿ ಅದು. 2020ರಿಂದ ಟೆಸ್ಲಾ ಕಂಪನಿ ತನ್ನ ಮಾಡೆಲ್ ವೈ ಕಾರಿನ ಹಿಂಭಾಗದ ತಳವನ್ನು, ಮೊದಲಾಗಿದ್ದರೆ ಎಪ್ಪತ್ತು ತುಣುಕಾಗುತ್ತಿದ್ದುದನ್ನು, ಕರಗಿದ ಅಲ್ಯೂಮಿನಿಯಂ ಎರಕ ಹೊಯ್ದು ಮಾಡತೊಡಗಿತು. ಮೊದಲು ಎರಡು ತುಂಡು, ಆಮೇಲೆ ಒಂದೇ. ಅಚ್ಚು ಬಾಯಿ ಬಿಡದಂತೆ ಯಂತ್ರ ಅದುಮಿ ಹಿಡಿಯುವ ಬಲ 6,000 ಟನ್, ಒಂಬತ್ತು ಸಾವಿರ ಮಾರುತಿ 800ಗಳನ್ನು ಒಂದರ ಮೇಲೊಂದು ಪೇರಿಸಿದ ಭಾರ. ಚೀನಾದ ಶವೋಮಿ, ನಮ್ಮ ಜೇಬಿನ ಫೋನಿನ ಕಂಪನಿಯೇ, 9,100 ಟನ್ನಿನ ಯಂತ್ರದಲ್ಲಿ 72 ಭಾಗವನ್ನು ಒಂದು ಮಾಡಿ 840 ಬೆಸುಗೆ ಉಳಿಸಿತು. 2023ರಲ್ಲಿ ಟೊಯೊಟಾ ಕೂಡ ತೋರಿಸಿತು: ಹಿಂಭಾಗದ 86 ಭಾಗ, 33 ಹಂತದ ಕೆಲಸ, ಎಲ್ಲ ಸೇರಿ ಒಂದು ಎರಕದ ತುಂಡು. ಮೂವತ್ತು ಸಾವಿರ ಭಾಗದ ಲೆಕ್ಕ ಕೊಟ್ಟ ಅದೇ ಟೊಯೊಟಾ.

ಕಾರ್ಖಾನೆಗೆ ಇದು ದೊಡ್ಡ ಉಳಿತಾಯ. ರೋಬಾಟು ಕಡಿಮೆ, ಜಾಗ ಕಡಿಮೆ, ಹೊತ್ತು ಕಡಿಮೆ. ಅದೇ ಕಾರು ಹನ್ನೆರಡು ವರ್ಷದ ನಂತರ, ಮೂರನೇ ಓನರನ ಕೈಯಲ್ಲಿ, ಹೊರವರ್ತುಲ ರಸ್ತೆಯಲ್ಲಿ ಹಿಂದಿನಿಂದ ಟಿಪ್ಪರ್ ಗುದ್ದಿಸಿಕೊಂಡಾಗ? 86 ಭಾಗಗಳ ಕಾಲದಲ್ಲಿ ಆರೋ ಏಳೋ ಹೋಗುತ್ತಿದ್ದವು, ಗುಜರಿಯಲ್ಲಿ ಅವು ಸಿಗುತ್ತಿದ್ದವು. ಎರಕದ ಅಲ್ಯೂಮಿನಿಯಂ ಉಕ್ಕಿನ ತಗಡಿನಂತೆ ಬಗ್ಗಿ ಬಾಳುವುದಿಲ್ಲ, ಬಿರಿಯುತ್ತದೆ. ಬಿರಿದದ್ದನ್ನು ತಟ್ಟಿ ಸರಿಮಾಡಲಾಗದು. ಗೊತ್ತುಮಾಡಿದ ಗೆರೆಯಲ್ಲಿ ಕತ್ತರಿಸಿ ಹೊಸ ತುಂಡು ಕೂರಿಸುವ ವಿಧಾನಗಳನ್ನು ಕಂಪನಿಗಳೇ ಕೊಡುತ್ತಿವೆ, ನಿಜ. ಆ ತುಂಡನ್ನು ಮಾರುವವರೂ ಅವರೇ, ಕೂರಿಸುವ ಸಲಕರಣೆ ಇರುವುದೂ ಅವರ ವರ್ಕ್‌ಶಾಪಿನಲ್ಲೇ. ಹೊಸದಾಗಿ ಕೊಳ್ಳುವವನಿಗೆ ಉಳಿದ ದುಡ್ಡನ್ನು ಕೊನೆಯ ಓನರ್ ಕಟ್ಟುತ್ತಾನೆ ಎಂದು ನನಗೆ ಅನ್ನಿಸುತ್ತದೆ.

ಭಾಗ ಕಡಿಮೆ ಮಾಡುವ ವಿಷಯದಲ್ಲಿ ನಮ್ಮ ಊರಿನದೇ ಒಂದು ಬೇರೆ ಜಾಣತನ ಇತ್ತು ಎಂಬುದನ್ನು ಮರೆಯಬಾರದು. ಚೇತನ್ ಮೈನಿ ಅವರ ರೇವಾ, 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ಆ ಎರಡು ಬಾಗಿಲಿನ ಎಲೆಕ್ಟ್ರಿಕ್ ಕಾರು, ಒತ್ತು ತಗಡನ್ನೇ ಕೈಬಿಟ್ಟಿತ್ತು. ಒಳಗೆ ಉಕ್ಕಿನ ಕೊಳವೆಗಳ ಪಂಜರ, ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊದಿಕೆ. ಬಣ್ಣ ಪ್ಲಾಸ್ಟಿಕ್ಕಿನೊಳಗೇ ಬೆರೆತಿತ್ತು. ಆದ್ದರಿಂದ ದೈತ್ಯ ಪ್ರೆಸ್ಸೂ ಬೇಡ, ಕಾರ್ಖಾನೆಯ ಅತಿ ದುಬಾರಿ ವಿಭಾಗವಾದ ಪೇಂಟ್ ಶಾಪೂ ಬೇಡ. ಮೈಕ್ರಾನ್ ಮೀಟರ್ ಹಿಡಿದು ಬಂದವನಿಗೆ ಅಳೆಯಲು ಏನೂ ಸಿಗದ ಕಾರು! ತುಕ್ಕಿಲ್ಲ, ಸಣ್ಣ ಪೆಟ್ಟಿಗೆ ನೆಗ್ಗುವುದಿಲ್ಲ, ನೆಗ್ಗಿದರೆ ಆ ಹಾಳೆಯೊಂದನ್ನೇ ಬಿಚ್ಚಿ ಹಾಕಬಹುದು. ಲಂಡನ್ನಿನಲ್ಲಿ ಜಿ-ವಿಝ್ ಎಂಬ ಹೆಸರಿನಲ್ಲಿ ಓಡಾಡಿತು. ಅಲ್ಲಿ 2007ರಲ್ಲಿ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದಾಗ ಫಲಿತಾಂಶ ಭಯಂಕರವಾಗಿತ್ತು. ಕಾನೂನಿನ ಪ್ರಕಾರ ಅದು ಅಲ್ಲಿ ಕಾರೇ ಅಲ್ಲ, ಹಗುರ ನಾಲ್ಕು ಚಕ್ರದ ವಾಹನ. 2010ರಲ್ಲಿ ಮಹೀಂದ್ರ ಕಂಪನಿ ರೇವಾವನ್ನು ಕೊಂಡಿತು.

ಬಾಡಿಗೆ ಸಾವಿಲ್ಲದ ಈ ಕಾರಿನ ಸೆಕೆಂಡ್ ಹ್ಯಾಂಡ್ ಬೆಲೆಯನ್ನು ನಿರ್ಧರಿಸುತ್ತಿದ್ದುದು ಸೀಟಿನ ಕೆಳಗಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳು. ಆರು ವೋಲ್ಟಿನವು ಎಂಟು, ಒಟ್ಟು 48 ವೋಲ್ಟ್, ಹತ್ತು ಯೂನಿಟ್‌ಗೆ ಸ್ವಲ್ಪ ಕಡಿಮೆ ಕರೆಂಟು ಹಿಡಿಸುತ್ತಿತ್ತು. ಅವು ಹೊಸದಿದ್ದರೆ ಕಾರಿಗೆ ಬೆಲೆ, ಮುಗಿದಿದ್ದರೆ ಕಾರನ್ನು ಸುಮ್ಮನೆ ಕೊಟ್ಟರೂ ತೆಗೆದುಕೊಳ್ಳುವವನು ಎರಡು ಸಲ ಯೋಚಿಸುತ್ತಿದ್ದ.

ಈಗ ಅದೇ ಲೆಕ್ಕ ದೊಡ್ಡ ಅಂಕಿಗಳಲ್ಲಿ ಬರಲಿದೆ. 2020ರ ಜನವರಿಯಲ್ಲಿ ಮಾರಾಟಕ್ಕೆ ಬಂದ ಟಾಟಾ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್‌ನದು, ರೇವಾದ ಮೂರು ಪಟ್ಟು. ಅದಕ್ಕೆ ಕಂಪನಿ ಕೊಟ್ಟ ವಾರಂಟಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಆ ಮೊದಲ ತಂಡದ ಗಾಡಿಗಳ ವಾರಂಟಿ 2028ರ ಆರಂಭದಲ್ಲಿ ಮುಗಿಯುತ್ತದೆ. ಡಾಕ್ಟರುಗಳೂ ರಿಟೈರ್ಡ್ ಬ್ಯಾಂಕ್ ಆಫೀಸರುಗಳೂ ತಮ್ಮ ಇವಿಗಳನ್ನು 2027ರ ದೀಪಾವಳಿಯೊಳಗೆ ಮಾರಲು ಹೊರಡುತ್ತಾರೆ ಎಂದು ನನ್ನ ಅಂದಾಜು. ಕೊಳ್ಳುವ ಯೋಚನೆ ಇದ್ದರೆ ಬ್ಯಾಟರಿಯ ಆರೋಗ್ಯದ ರಿಪೋರ್ಟ್ ಕೇಳಿ, ಟೈರು ಆಮೇಲೆ ನೋಡಿ.